ಅಳತೆಗೆ ತಂದ ಪಂಪು

ಬೆಳೆಗೆ ಔಷಧಿ ಹೊಡೆಯುವ, ಪೆಟ್ರೋಲ್ ಎಂಜಿನ್ನಿನ ಎರಡು ಪಂಪುಗಳನ್ನು ಒಬ್ಬ ಹೆಣ್ಣುಮಗಳು ನನ್ನ ಅಂಗಡಿಯ ಮುಂದೆ ಇಳಿಸಿದಳು.

“ಅಜ್ಜಾರ, ನಮ್ಮದು ಚಾಲೂನ ಆಗವಲ್ದು. ಮೆಣಸಿನಗಿಡಕ್ಕ ಹುಳ ಬಿದ್ದಾವು, ಇವತ್ತ ಹೊಡೀಬೇಕು. ಇನ್ನೊಂದು ನಮ್ಮ ನೆಗೆಣ್ಣೀದು, ಮೈದುನನ ಹೆಂಡ್ತೀದು, ಒಂದ ಜಗ್ಗಿಗೆ ಚಾಲೂ ಆಗತೈತಿ. ಅಳತಿಗಿರಲಿ ಅಂತ ಬೇಡಿ ತಂದೀನ್ರಿ.”

“ಇದೇನು ಕುಪ್ಪಸ ಹೊಲಿಯೋದೇನವ್ವಾ, ಅಳತಿ ಕೊಡಾಕ? ನಲವತ್ತು ವರ್ಷ ಆತು, ಕಾರ್ಬೊರೇಟರ್ ನನ್ನ ಕಿವಿಯಾಗ ಮಾತಾಡತೈತಿ!”

ನನ್ನ ಓದು ಎರಡನೇ ಇಯತ್ತೆಗೇ ಮುಗಿದಿತ್ತು. ಜಂಬಕ್ಕೆ ಮಾತ್ರ ಕೊರತೆ ಇರಲಿಲ್ಲ. ಒಂದು ಪಂಪನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಇನ್ನೊಂದರ ಕಾರ್ಬೊರೇಟರ್ ಬಿಚ್ಚಿದೆ.

“ಅಜ್ಜಾರ...”

“ಶ್! ಟ್ಯೂನಿಂಗ್ ಮಾಡುವಾಗ ನನ್ನ ಅಂಗಡ್ಯಾಗ ಯಾರೂ ಮಾತಾಡಂಗಿಲ್ಲ.”

ಪಾಪ, ಅವಳು ಕಟ್ಟೆಯ ಮೇಲೆ ಕುಳಿತಳು. ನಾನು ಜೆಟ್ಟು ಊದಿದೆ, ಫ್ಲೋಟು ತೊಳೆದೆ, ಎಲ್ಲ ಜೋಡಿಸಿ ಚೋಕ್ ಹಾಕಿ ಹಗ್ಗ ಜಗ್ಗಿದೆ. ಗೊರ್ ಎಂದು ಸುಮ್ಮನಾಯಿತು. ಸ್ಕ್ರೂ ಅರ್ಧ ಸುತ್ತು ಬಿಗಿದೆ, ಕಾಲು ಸುತ್ತು ಸಡಿಲಿಸಿದೆ, ಮತ್ತೆ ಬಿಗಿದೆ. ಭುಜ ಕಳಚಿ ಬೀಳುವಷ್ಟು ಜಗ್ಗಿದ ಮೇಲೆ, ಊಟದ ಹೊತ್ತಿಗೆ ಎಂಜಿನ್ ಒಂದೇ ದನಿಯಲ್ಲಿ ಓಡತೊಡಗಿತು. ನಾನು ಮೀಸೆ ತಿರುವಿದೆ.

“ನೋಡಿದೇನು? ಅಳತಿ ಬೇಕಾತೇನು ನನಗ? ಹಂ, ಈಗ ಮಾತಾಡು.”

ಅವಳು ಬಾಯಿಗೆ ಸೆರಗು ಹಿಡಿದು, ನಾನು ಪಕ್ಕಕ್ಕೆ ಸರಿಸಿದ್ದ ಪಂಪನ್ನು ಎತ್ತಿ ತಂದು ಎದುರಿಗಿಟ್ಟಳು.

“ನೆಗೆಣ್ಣೀದು ಮೊದಲಿನಂಗ ಆತ್ರಿ ಅಜ್ಜಾರ. ಇನ್ನ ನಮ್ಮದು ಬಿಚ್ಚರಿ.”