ಅರ್ಧ ಊಟ ಡಬ್ಬಿಗೆ

ಹನ್ನೊಂದನೆಯ ದಿನವೂ ಅವನು ತುತ್ತಿಗೆ ಕೈಹಾಕುವ ಮೊದಲೇ ತಟ್ಟೆಯ ಅರ್ಧ ಊಟವನ್ನು ಡಬ್ಬಿಗೆ ತುಂಬಿದ. ಸುತ್ತ ಒಮ್ಮೆ ಕಣ್ಣಾಡಿಸಿದ. ಮುಚ್ಚಳ ಬಿಗಿದು, ಡಬ್ಬಿಯನ್ನು ಕಪ್ಪು ಚೀಲದೊಳಗೆ ಇಳಿಸಿದ.

ಅಡುಗೆಯಕ್ಕ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಎತ್ತಿದ ಸೌಟು ಹಾಗೇ ನಿಂತಿತು.

ಮನೆಯ ಮುಂದಿನ ಕೋಣೆಯಲ್ಲೇ ಅವಳು ದಿನಾ ಮಧ್ಯಾಹ್ನ ಹದಿನೈದು ಜನಕ್ಕೆ ಊಟ ಹಾಕುತ್ತಿದ್ದಳು. ಏಳನೆಯ ವಯಸ್ಸಿಗೇ ಸ್ಟೂಲು ಹತ್ತಿ ಈರುಳ್ಳಿ ಹುರಿದ ಕೈ ಅದು, ಅರವತ್ತಾದರೂ ದಣಿದಿಲ್ಲ. ಮಾಡುವುದರಷ್ಟೇ ತಿನ್ನುವುದೂ ಅವಳಿಗೆ ಇಷ್ಟ. ಎಲ್ಲರೂ ಎದ್ದುಹೋದ ಮೇಲೆ ತಟ್ಟೆ ತುಂಬ ಬಡಿಸಿಕೊಂಡು, ಬೆರಳು ಚೀಪಿ ಚೀಪಿ ಉಣ್ಣುವಳು. ಈ ಹನ್ನೊಂದು ದಿನದಿಂದ ಮಾತ್ರ ಅರ್ಧ ತಟ್ಟೆ ಹಾಗೇ ಉಳಿಯುತ್ತಿತ್ತು.

ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಗಂಡ ಇದೇ ಮೇಜಿಗೆ ಕೂತು ಹೊಟ್ಟೆ ತುಂಬ ಉಂಡಿದ್ದ. ಆಮೇಲೆ ಅವನನ್ನು ಆ ಬೀದಿಯಲ್ಲಿ ಯಾರೂ ಕಾಣಲಿಲ್ಲ. ಪೊಲೀಸರು ಬಂದರು, ಹಿತ್ತಲು ಅಗೆದರು, ಬರಿಗೈಯಲ್ಲಿ ಹೋದರು. ಉಂಡು ಹೊರಗೆ ಹೋದರು, ತಿರುಗಿ ಬರಲಿಲ್ಲ ಎಂದಷ್ಟೇ ಅವಳು ಹೇಳಿದಳು. ಬೀದಿಯವರು ಉಳಿದದ್ದನ್ನು ತಾವೇ ತುಂಬಿಕೊಂಡರು. ಎದುರುಮನೆಯ ದರ್ಜಿಯಂತೂ ಊಟಕ್ಕೆ ಕೂತಾಗಲೆಲ್ಲ, "ಅಕ್ಕನ ಕೈರುಚಿಗೆ ಪ್ರಾಣವನ್ನೇ ಕೊಡಬಹುದು. ಕೊಟ್ಟವರೂ ಇದ್ದಾರೆ" ಎಂದು ಗಹಗಹಿಸುತ್ತಿದ್ದ. ಅವಳು ಅಲ್ಲಗಳೆಯುತ್ತಿರಲಿಲ್ಲ. ಇನ್ನೊಂದು ಸೌಟು ಬಡಿಸಿ ಒಳಗೆ ಹೋಗುತ್ತಿದ್ದಳು.

ಈಗ ಈ ಚೀಲದವನು. ವಯಸ್ಸು ಮೂವತ್ತರ ಮೇಲೆ, ಮಾತು ಕಡಿಮೆ. ಮೂರನೆಯ ದಿನ, ಇಲ್ಲಿ ಮೊದಲಿನಿಂದಲೂ ನೀವೇ ಅಡುಗೆ ಮಾಡೋದಾ ಎಂದು ಕೇಳಿದ್ದ. ಆರನೆಯ ದಿನ, ಬೆಳ್ಳುಳ್ಳಿ ಯಾವಾಗಲೂ ಇಷ್ಟೇ ಹಾಕುತ್ತೀರಾ ಎಂದ. ಇವತ್ತು ಕೈ ತೊಳೆದು ಹೊರಡುವಾಗ ಬಾಗಿಲಲ್ಲಿ ನಿಂತ.

"ನಿಮ್ಮ ಯಜಮಾನರಿಗೆ ಬದನೆಕಾಯಿ ಅಂದ್ರೆ ಪ್ರಾಣವಂತೆ?"

"ಯಾರು ಹೇಳಿದ್ದು?"

"ಗೊತ್ತಿರೋರು" ಎಂದವನೇ ಮೆಟ್ಟಿಲಿಳಿದ.

ಡಬ್ಬಿ ಪರೀಕ್ಷೆಗೆ ಹೋಗುತ್ತಿದೆ, ಪೊಲೀಸರು ಹಳೇ ಕಡತ ಮತ್ತೆ ಬಿಚ್ಚಿದ್ದಾರೆ ಎಂದು ದರ್ಜಿ ತೀರ್ಪು ಕೊಟ್ಟೇಬಿಟ್ಟ. ಅಡುಗೆಯಕ್ಕ ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ಒಂದೇ ಯೋಚನೆಯಲ್ಲಿದ್ದಳು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಬಿದ್ದರೆ ಈ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

ಮರುದಿನ ಅವಳು ಬೇಕೆಂದೇ ಬದನೆಕಾಯಿ ಬೇಯಿಸಿದಳು. ಚೀಲದವನ ಪಾಲನ್ನು ಬೇರೆಯೇ ತೆಗೆದು ಮುಚ್ಚಿಟ್ಟಳು.

ಅವನು ತಡವಾಗಿ ಬಂದ. ಕೋಣೆ ಖಾಲಿಯಾಗಿತ್ತು. ಅವಳು ಮುಂಬಾಗಿಲು ಹಾಕಿ ಚಿಲಕ ಸರಿಸಿದಳು. ತಟ್ಟೆಯನ್ನು ಅವನ ಮುಂದಿಟ್ಟು ಎದುರಿಗೇ ಕೂತಳು. ಅವನು ಮುಟ್ಟಲಿಲ್ಲ.

"ಡಬ್ಬಿ ಎಲ್ಲಿ?"

"ಇನ್ನು ಬೇಕಾಗಿಲ್ಲ."

"ಪೊಲೀಸಾ ನೀವು? ಕೇಳೋದಿದ್ರೆ ಈಗಲೇ ಕೇಳಿಬಿಡಿ."

ಅವನು ಅಲ್ಲವೆಂದು ತಲೆಯಾಡಿಸಿದ. ಆಮೇಲೆ, ತಟ್ಟೆಯ ಮೇಲಿಂದ ಕಣ್ಣೆತ್ತದೆ, ನಿಧಾನವಾಗಿ ಹೇಳಿದ. ಅಪ್ಪ ಹಾಸಿಗೆ ಹಿಡಿದು ನಾಲ್ಕು ತಿಂಗಳು. ಬಾಯಿಗೆ ಏನಿಟ್ಟರೂ ಉಗುಳುತ್ತಿದ್ದರು. ಕೊನೆಗೆ ಈ ಬೀದಿಯ ಹೆಸರು ಹೇಳಿ, ಆ ಮನೆಯ ಅಡುಗೆಯಾದರೆ ಇಳಿದೀತು ಎಂದರು. ಹೆತ್ತ ಅಪ್ಪನಲ್ಲ, ತನಗೆ ಹತ್ತು ವರ್ಷವಾಗಿದ್ದಾಗ ತನ್ನ ತಾಯಿಯನ್ನು ಕೈಹಿಡಿದು, ಆಕೆಯ ಮನೆಯಲ್ಲೇ ಉಳಿದವರು.

"ನಿಮಗೆ ಹೇಳಿಯೇ ಹೊರಟು ಬಂದೆ ಅಂದಿದ್ರು. ನಿನ್ನೆಯ ಡಬ್ಬೀಲಿ ನಾಲ್ಕು ತುತ್ತು ತಿಂದ್ರು. ಇವತ್ತು ಬೆಳಗ್ಗೆ ಹೋಗಿಬಿಟ್ರು, ಅಮ್ಮ."

ಅವಳು ಸೆರಗಿನಿಂದ ಮೇಜು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಹನ್ನೊಂದು ದಿನವೂ ದರ್ಜಿಯ ಮಾತು ಕೇಳಿಸಿಕೊಂಡೆ ಎಂದ ಅವನು. ಇವತ್ತು ಬೆಳಗಿನವರೆಗೆ ಬದುಕಿದ್ದವರನ್ನು ಇವಳು ಕೊಂದಳೆಂದು ಆಡಿಕೊಳ್ಳುವುದು ಅನ್ಯಾಯ. ಈಗಲೇ ಎದುರುಮನೆಗೆ ಹೋಗಿ ನಿಜ ಹೇಳಿಬರುತ್ತೇನೆ ಎಂದು ಎದ್ದ.

ಅವಳು ಅವನ ಮಣಿಕಟ್ಟು ಹಿಡಿದು ಕೂರಿಸಿ, ತಟ್ಟೆಯನ್ನು ಅವನತ್ತ ಸರಿಸಿದಳು.

"ಕೊಂದಳು ಅಂತಲೇ ಅಂದ್ಕೊಳ್ಳಲಿ ಬಿಡಪ್ಪ. ನನ್ನ ಕೈಯಡುಗೆ ಬಿಟ್ಟು ಇನ್ನೊಬ್ಬಳ ಮನೆ ಊಟಕ್ಕೆ ಹೋದ್ರು ಅಂತ ಮಾತ್ರ ಯಾರಿಗೂ ಹೇಳಬೇಡ."