ವಜಾ ಆಗದ ವೋಟು

ಯಾರದೋ ಗ್ಯಾರೇಜಿನಲ್ಲಿದ್ದ ಮತಗಟ್ಟೆಗೆ ರೇಷ್ಮೆ ಸೀರೆಯುಟ್ಟು ಎಲ್ಲರಿಗಿಂತ ಮೊದಲು ಬಂದ ಊರ್ಮಿಳಾ, ಸಹಿ ಹಾಕಲು ಬಗ್ಗಿದವಳು, ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆಯೇ ಗಂಡ ಶ್ರೀಕಂಠನ ಹೆಸರು ಕಂಡು ಪೆನ್ನು ಹಿಡಿದು ನಿಂತುಬಿಟ್ಟಳು. ಅವನು ತೀರಿಕೊಂಡು ಮೂರು ತಿಂಗಳಾಗಿತ್ತು. ಹೆಸರು ತೆಗೆಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಯಜಮಾನರು ಸಂಜೆ ಬರುತ್ತಾರಾ?” ಮೇಜಿನ ಹಿಂದಿದ್ದ ಮುದುಕಿ ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ, ನಾನೊಬ್ಬಳೇ,” ಎಂದು ಊರ್ಮಿಳಾ ಸಹಿ ಹಾಕಿದಳು.

ಇಬ್ಬರೂ ಒಟ್ಟಿಗೆ ಅಮೆರಿಕದ ಪ್ರಜೆಗಳಾದ ದಿನದಿಂದ ಮನೆಯಲ್ಲಿ ಇದೇ ಜಗಳ. “ನಿಂದೊಂದು ಪಾರ್ಟಿ, ನಂದೊಂದು ಪಾರ್ಟಿ. ನಿನ್ನ ವೋಟಿಗೆ ನನ್ನ ವೋಟು ವಜಾ ಕಣೇ. ಸುಮ್ನೆ ಮನೇಲಿ ಕೂತು ಪುಸ್ತಕ ಓದೋಣ,” ಎಂದು ಅವನು ಛೇಡಿಸುತ್ತಿದ್ದ. ಚುನಾವಣೆಗಳ ಮೇಲಿನ ದಪ್ಪ ಪುಸ್ತಕವೊಂದನ್ನು ಅರ್ಧ ಓದಿ, ತಾವಿಬ್ಬರೂ ಶಿಕಾಗೊಗೆ ಹೋಗಿದ್ದ ರೈಲಿನ ಟಿಕೆಟನ್ನು ಗುರುತಿಗಿಟ್ಟು ಹೋಗಿದ್ದ. ಆ ಪುಸ್ತಕ ಈಗ ಅವಳ ಚೀಲದಲ್ಲಿತ್ತು.

ಮರೆಯ ಒಳಗೆ ಅವಳು, ಅಲ್ಲಿನ ಪದ್ಧತಿಯಂತೆ, ಮತದ ಕಾರ್ಡಿನಲ್ಲಿ ತನಗೆ ಬೇಕಾದ ಹೆಸರಿನ ಮುಂದೆ ಸೂಜಿ ಒತ್ತಿ ತೂತು ಮಾಡಿದಳು. ಹೊರಬಂದು, ವೋಟು ಹಾಕಿದ್ದಕ್ಕೆ ಹರಿದುಕೊಟ್ಟ ಚೀಟಿಯನ್ನು ಪುಸ್ತಕದಲ್ಲಿ ಆ ಟಿಕೆಟಿನ ಪಕ್ಕ ಸಿಕ್ಕಿಸಿ, ಬೀದಿಯಲ್ಲೇ ನಿಂತು ಗಟ್ಟಿಯಾಗಿ ಹೇಳಿದಳು:

“ರೀ, ಈಗ ವಜಾ ಮಾಡಿ ನೋಡೋಣ.”