ಫಿನಾಯಿಲ್ ಕಾರ್ಖಾನೆ

ನಿಂಗರಾಜು ಫಿನಾಯಿಲ್ ಕಾರ್ಖಾನೆಯಿಂದ ಮನೆಗೆ ಬಂದರೆ ಸಾಕು, ಕೆಮ್ಮು ಶುರುವಾಗುತ್ತಿತ್ತು. ಅಂಗೈಯ ಚರ್ಮ ಸುಟ್ಟು ಸುಲಿದಿತ್ತು. ಅವನ ಅಂಗಿ ಒಗೆದ ದಿನ ಹೆಂಡತಿ ಮಂಗಳಗೌರಿಗೂ ಕಣ್ಣುರಿ.

"ರೀ, ಗ್ಲೌಸು, ಮಾಸ್ಕು ಕೊಡಿ ಅಂತ ಮಾಲೀಕನ್ನ ಕೇಳಬಾರದಾ?"

"ಅವನು ಮಹಾ ಜುಗ್ಗ ಕಣೇ, ಕೊಡಲ್ಲ."

"ಅವನ ಕೈ ಹಿಂಗೆ ಸುಟ್ಟಿದ್ರೆ ಗೊತ್ತಾಗ್ತಿತ್ತು!"

ನಿಂಗರಾಜು ನಕ್ಕುಬಿಟ್ಟ. ಮಂಗಳಗೌರಿ ಸುಮ್ಮನಾಗಲಿಲ್ಲ. ಮರುದಿನವೇ ಕಾರ್ಮಿಕ ಇಲಾಖೆಗೆ ಹೋಗಿ, ಊಟದ ಡಬ್ಬಿ ಕೊಡಲು ಹೋದಾಗ ನೋಡಿದ್ದ ಶೆಡ್ಡಿನ ಗುರುತು ಹೇಳಿ, ಕಾಣದ ಮಾಲೀಕನಿಗೆ ಬಾಯಿತುಂಬ ಶಾಪ ಹಾಕಿ ಬಂದಳು.

ಅಂದೇ ಸಂಜೆ ಪೊಲೀಸ್ ಇನ್ಸ್‌ಪೆಕ್ಟರೇ ಮನೆ ಬಾಗಿಲಿಗೆ ಬಂದರು.

"ನಿಮ್ಮ ದೂರು ನೋಡಿ ಕಾರ್ಮಿಕ ಇಲಾಖೆಯವರು ನಮ್ಮನ್ನೂ ಕರೆಸಿದ್ರು. ಶೆಡ್ಡಿನೊಳಗೆ ಉಸಿರಾಡೋಕೂ ಆಗಲಿಲ್ಲಮ್ಮ, ಅಂಥ ವಿಷದ ಹೊಗೆ. ಅಲ್ಲಿ ಮಾಡ್ತಿದ್ದದ್ದು ಫಿನಾಯಿಲ್ ಅಲ್ಲ, ಡ್ರಗ್ಸು. ಕೆಲಸದವರಿಬ್ಬರನ್ನ ಆಸ್ಪತ್ರೆಗೆ ಸೇರಿಸಿದೀವಿ. ನಿಮ್ಮ ಯಜಮಾನರಿಗೇನೂ ಆಗಿಲ್ಲ."

"ಅಯ್ಯೋ ಶಿವನೇ! ಆ ಪಾಪಿ ಮಾಲೀಕ ಸಿಕ್ಕಿದ್ನಾ ಸಾರ್?"

"ಸಿಕ್ಕಿದ. ಹೊರಗೆ ಜೀಪಲ್ಲೇ ಇದ್ದಾನೆ."

ಮಂಗಳಗೌರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೈಗುಳವನ್ನೆಲ್ಲ ನಾಲಗೆಯ ತುದಿಗೆ ತಂದುಕೊಂಡು, ದಡದಡನೆ ಮೆಟ್ಟಿಲಿಳಿದು ಜೀಪಿನೊಳಗೆ ಇಣುಕಿದಳು.

ನಿಂಗರಾಜು ಒಬ್ಬನೇ ಕೂತಿದ್ದ.